ಹೂಂ ಅಂದವರು ಯಾರು?

ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಸಂವಿಧಾನದ ಪಾಠದಲ್ಲಿ ಒಂದು ಸಾಲು ಬಾಯಿಪಾಠ ಮಾಡಿದ್ದೆವು. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. 75ನೇ ವಿಧಿ, 3ನೇ ಉಪವಿಧಿ. ರಾಜ್ಯಗಳಿಗೆ ಇದೇ ಮಾತು 164ನೇ ವಿಧಿಯಲ್ಲಿದೆ.

ಅರ್ಥ ಸರಳ. ಸಂಪುಟ ಸಭೆಯೊಳಗೆ ಮಂತ್ರಿಗಳು ಎಷ್ಟು ಬೇಕಾದರೂ ವಾದ ಮಾಡಬಹುದು. ಬಾಗಿಲು ತೆಗೆದು ಹೊರಗೆ ಬಂದ ಮೇಲೆ ಎಲ್ಲರದ್ದೂ ಒಂದೇ ಮಾತು. ಒಪ್ಪದವರು ರಾಜೀನಾಮೆ ಕೊಡಬೇಕು. ಕುರ್ಚಿಯಲ್ಲಿ ಉಳಿದರೆ ಆ ತೀರ್ಮಾನ ಅವರದ್ದೂ ಹೌದು.

ರಸ್ತೆ, ತೆರಿಗೆ, ಗೊಬ್ಬರದ ದರ ಇಂಥ ವಿಷಯಗಳಲ್ಲಿ ಈ ನಿಯಮದ ತೂಕ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಯುದ್ಧದ ಮಾತು ಬಂದಾಗ ಗೊತ್ತಾಗುತ್ತದೆ. ನಮ್ಮ ಮನೆಗೆ ಅದು 2003ರಲ್ಲಿ ಗೊತ್ತಾಯಿತು.

ಆಗ ನಾನು ಶಾಲೆಯಲ್ಲಿದ್ದೆ. ನಮ್ಮ ಕಾಕಾ ಸೈನ್ಯದಲ್ಲಿ ಹವಾಲ್ದಾರ. ನಮ್ಮದು ಬೆಳಗಾವಿ ಕಡೆಯ ಊರು, ನಾಲ್ಕು ಮನೆಗೆ ಒಬ್ಬ ಮಿಲಿಟರಿಯವನು. ಅಮೆರಿಕ ಮತ್ತು ಬ್ರಿಟನ್ ಮಾರ್ಚ್‌ನಲ್ಲಿ ಇರಾಕ್ ಮೇಲೆ ದಾಳಿ ಮಾಡಿ ಬಾಗ್ದಾದ್ ಹಿಡಿದಿದ್ದವು. ಅಲ್ಲಿ ಕಾವಲಿಗೆ ಭಾರತದ ಸೈನ್ಯವನ್ನೂ ಕಳಿಸಿ ಎಂದು ಅಮೆರಿಕ ಕೇಳಿತು. ಒಂದು ಇಡೀ ಡಿವಿಷನ್, ಅಂದರೆ ಸುಮಾರು 17,000 ಜನ ಎಂಬ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಕಾಕಾನ ಹೆಸರು ಅದರಲ್ಲಿ ಇರಬಹುದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ಒಂದು ರಾತ್ರಿ ಅಜ್ಜಿ ಅಪ್ಪನನ್ನು ಕೇಳಿದಳು: "ಇವನ್ನ ಅಷ್ಟ್ ದೂರ ಕಳಸಾಕ ಹೂಂ ಅನ್ನಾವ್ರು ಯಾರೋ?"

"ಸರಕಾರ" ಅಂದ ಅಪ್ಪ.

"ಸರಕಾರಕ್ಕ ಹೆಸರಿಲ್ಲೇನು?"

ಅಪ್ಪ ಸುಮ್ಮನಾದ. ಅಜ್ಜಿ ಓದಿದವಳಲ್ಲ. ಆದರೆ ಅವಳು ಕೇಳಿದ ಪ್ರಶ್ನೆಯನ್ನೇ ಆಮೇಲೆ ಬ್ರಿಟನ್ ದೇಶ ವರ್ಷಗಟ್ಟಲೆ ಕೇಳಿಕೊಂಡಿತು. ಈ ಸಾಮೂಹಿಕ ಹೊಣೆಯ ನಿಯಮ ನಮಗೆ ಬಂದದ್ದೇ ಆ ದೇಶದಿಂದ. ಅಲ್ಲಿ ಏನಾಯಿತು ಎಂದು ನಾವೂ ತಿಳಿದಿರಬೇಕು.

ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬುದು ಯುದ್ಧಕ್ಕೆ ಕೊಟ್ಟ ಕಾರಣ. ಯುದ್ಧಕ್ಕೆ ಎಂಟು ತಿಂಗಳು ಮೊದಲೇ, 2002ರ ಜುಲೈ 28ರಂದು, ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಒಂದು ಪತ್ರ ಬರೆದಿದ್ದರು. ಏನೇ ಆದರೂ ನಿಮ್ಮ ಜೊತೆ ಇರುತ್ತೇನೆ ಎಂಬ ಅರ್ಥದ ಮಾತು ಅದರ ಮೊದಲ ಸಾಲಿನಲ್ಲೇ ಇತ್ತು. ಅದನ್ನು ಕಳಿಸುವ ಮುನ್ನ ಸಂಪುಟದ ಒಪ್ಪಿಗೆ ಪಡೆದಿರಲಿಲ್ಲ.

ಇನ್ನೊಂದು ಕಾಗದದ ಕಥೆ ಕೇಳಿ. ಈ ಯುದ್ಧ ಕಾನೂನಿಗೆ ಸರಿಯೇ ಎಂದು ಹೇಳಬೇಕಾದವರು ಅಲ್ಲಿನ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್. ಅವರು 2003ರ ಮಾರ್ಚ್ 7ರಂದು ಪ್ರಧಾನಿಗೆ 13 ಪುಟಗಳ ಅಭಿಪ್ರಾಯ ಕೊಟ್ಟರು. ಅದರಲ್ಲಿ ಆ ಕಡೆಯ ವಾದವೂ ಇತ್ತು, ಈ ಕಡೆಯ ವಾದವೂ ಇತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಿಂದ ಇನ್ನೊಂದು ನಿರ್ಣಯ ಪಡೆಯುವುದೇ ಸುರಕ್ಷಿತ ದಾರಿ ಎಂದೂ ಇತ್ತು. ಆ ನಿರ್ಣಯ ಸಿಗಲಿಲ್ಲ. ಹತ್ತು ದಿನ ಬಿಟ್ಟು, ಮಾರ್ಚ್ 17ರಂದು ಸಂಪುಟ ಸೇರಿದಾಗ ಮಂತ್ರಿಗಳ ಮುಂದೆ ಬಂದದ್ದು ಒಂದು ಪುಟದಷ್ಟು ಚಿಕ್ಕ ಹೇಳಿಕೆ. ಯುದ್ಧ ಕಾನೂನುಬದ್ಧ ಎಂದು ಅದರಲ್ಲಿತ್ತು. ಮೊದಲಿನ 13 ಪುಟಗಳ ಅನುಮಾನ ಯಾವುದೂ ಇರಲಿಲ್ಲ. ಪೂರ್ತಿ ಅಭಿಪ್ರಾಯ ಜನರ ಕೈಗೆ ಸಿಕ್ಕಿದ್ದು 2005ರಲ್ಲಿ.

ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ ಅನುಭವ ನಿಮ್ಮಲ್ಲಿ ಬಹಳ ಜನಕ್ಕೆ ಇರುತ್ತದೆ. ಸಾಲ ತಗೊಂಡವನು ಕಟ್ಟದಿದ್ದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಸಾಮೂಹಿಕ ಹೊಣೆ ಅಂದರೂ ಒಂಥರಾ ಜಾಮೀನೇ. ಪತ್ರ ಪೂರ್ತಿ ತೋರಿಸದೆ ಸಹಿ ಹಾಕಿಸಿಕೊಂಡರೆ ಅದಕ್ಕೆ ಏನನ್ನಬೇಕು? ಪತ್ರ ಕೊಡಿ, ಓದುತ್ತೇನೆ ಎಂದು ಕೇಳದೆ ಸಹಿ ಹಾಕಿದವರಿಗೆ ಏನನ್ನಬೇಕು?

ಅಂದು ಸಂಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂತ್ರಿಗಳಿದ್ದರು. ಅವರಲ್ಲಿ ಇಬ್ಬರ ಕಥೆ ಹೇಳುತ್ತೇನೆ.

ಒಬ್ಬರು ರಾಬಿನ್ ಕುಕ್. ಮೊದಲು ವಿದೇಶಾಂಗ ಮಂತ್ರಿಯಾಗಿದ್ದವರು. ಮಾರ್ಚ್ 17ರ ಆ ಸಭೆಗೆ ಮೊದಲೇ ರಾಜೀನಾಮೆ ಕೊಟ್ಟರು. ಅಂದು ರಾತ್ರಿ ಸಂಸತ್ತಿನಲ್ಲಿ ಎದ್ದು ನಿಂತು, ಅಂತರರಾಷ್ಟ್ರೀಯ ಒಪ್ಪಿಗೆಯೂ ಇಲ್ಲದ, ಸ್ವಂತ ಜನರ ಬೆಂಬಲವೂ ಇಲ್ಲದ ಯುದ್ಧಕ್ಕೆ ಸಾಮೂಹಿಕ ಹೊಣೆ ಹೊರಲಾರೆ ಎಂದರು. ಬೈಗುಳ ಇಲ್ಲ, ಕೂಗಾಟ ಇಲ್ಲ. ಆ ಸದನದಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೇ ಇಲ್ಲ, ಅಂದು ತಟ್ಟಿದರು.

ಇನ್ನೊಬ್ಬರು ಕ್ಲೇರ್ ಶಾರ್ಟ್. ಬ್ಲೇರ್ ದುಡುಕುತ್ತಿದ್ದಾರೆ ಎಂದು ಮಾರ್ಚ್ 9ರಂದು ರೇಡಿಯೋದಲ್ಲೇ ಹೇಳಿದವರು. ಆದರೂ ಮಂತ್ರಿಯಾಗಿ ಉಳಿದರು. ಯುದ್ಧದ ಪರ ಮತ ಹಾಕಿದರು. ಬಾಗ್ದಾದ್ ಬಿದ್ದ ಮೇಲೆ, ಮೇ 12ರಂದು ರಾಜೀನಾಮೆ ಕೊಟ್ಟರು. ಏಳು ವರ್ಷದ ನಂತರ ತನಿಖಾ ಸಮಿತಿಯ ಮುಂದೆ ಅವರು, ಕಾನೂನಿನ ಬಗ್ಗೆ ಚರ್ಚೆಯಾಗಲಿ ಎಂದಾಗ ಸಭೆಯಲ್ಲಿ ತನ್ನ ಬಾಯಿ ಮುಚ್ಚಿಸಿದರು ಎಂದರು. ಆ ಸಂಪುಟ ತೀರ್ಮಾನ ಮಾಡುವ ಜಾಗವೇ ಆಗಿರಲಿಲ್ಲ ಎಂದರು. ಅದು ನಿಜವೇ ಇರಬಹುದು. ಆದರೆ ಅಂದು ಎದ್ದು ಹೋಗುವ ಬಾಗಿಲು ಅವರಿಗೂ ತೆರೆದಿತ್ತು.

ಮಾರ್ಚ್ 18ರಂದು ಸಂಸತ್ತು 412–149 ಮತಗಳಿಂದ ಒಪ್ಪಿತು. 20ರಂದು ದಾಳಿ ಶುರುವಾಯಿತು. ಯಾವ ಅಸ್ತ್ರಕ್ಕಾಗಿ ಹೋಗಿದ್ದರೋ ಅದು ಸಿಗಲೇ ಇಲ್ಲ. ಬ್ರಿಟನ್ನಿನ 179 ಯೋಧರು ಸತ್ತರು. ಸರ್ ಜಾನ್ ಚಿಲ್ಕಾಟ್ ಸಮಿತಿ 2016ರ ಜುಲೈ 6ರಂದು ವರದಿ ಕೊಟ್ಟಿತು. 2009ರ ಜುಲೈ ಹೊತ್ತಿಗೆ ಕನಿಷ್ಠ ಒಂದೂವರೆ ಲಕ್ಷ ಇರಾಕಿಗಳು ಸತ್ತಿದ್ದರು, ಅವರಲ್ಲಿ ಹೆಚ್ಚಿನವರು ಸಾಮಾನ್ಯ ಜನ ಎಂದು ಸಮಿತಿ ಹೇಳಿತು. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದರು ಎಂದೂ, ಕಾನೂನಿನ ಆಧಾರ ಇದೆ ಎಂದು ತೀರ್ಮಾನಿಸಿದ ರೀತಿ ತೃಪ್ತಿಕರವಾಗಿರಲಿಲ್ಲ ಎಂದೂ ಹೇಳಿತು.

ನಡುವೆ ಇನ್ನೊಂದು ನಡೆಯಿತು. ಯುದ್ಧಕ್ಕೆ ಮುಂಚಿನ ಆ ಸಂಪುಟ ಸಭೆಗಳ ನಡಾವಳಿ ಕೊಡಿ ಎಂದು ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬಿತ್ತು. ಮಾಹಿತಿ ಆಯುಕ್ತರು ಕೊಡಿ ಎಂದರು. ನ್ಯಾಯಮಂಡಳಿಯೂ ಕೊಡಿ ಎಂದಿತು. 2009ರ ಫೆಬ್ರವರಿಯಲ್ಲಿ ಕಾನೂನು ಮಂತ್ರಿ ಜಾಕ್ ಸ್ಟ್ರಾ ವಿಶೇಷಾಧಿಕಾರ ಬಳಸಿ ತಡೆದರು. ಮಂತ್ರಿಗಳು ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಗುಟ್ಟು ಉಳಿಯಬೇಕು ಎಂಬುದು ಅವರ ಕಾರಣ. ಕಾರಣದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ 2003ರಲ್ಲಿ ವಿದೇಶಾಂಗ ಮಂತ್ರಿಯಾಗಿ ಅದೇ ಸಭೆಯಲ್ಲಿ ಕೂತಿದ್ದವರೂ ಇದೇ ಜಾಕ್ ಸ್ಟ್ರಾ. ಮಂತ್ರಿಗಳ ಧೈರ್ಯ ಕಾಯಲು ಇದ್ದ ಗುಟ್ಟು, ಅವರು ಸುಮ್ಮನೆ ಕೂತದ್ದನ್ನು ಮುಚ್ಚಲೂ ಬರುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಇರಾಕ್ ಮೇಲಿನ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ಸೈನ್ಯ ಕೇಳಿದ ಅಮೆರಿಕಕ್ಕೆ ಉತ್ತರ ಕೊಟ್ಟದ್ದು 2003ರ ಜುಲೈ 14ರಂದು, ಸಂಪುಟದ ಭದ್ರತಾ ಸಮಿತಿ ಸೇರಿದ ಮೇಲೆ. ಅಜ್ಜಿ ಕೇಳಿದ ಹೆಸರುಗಳು ಅಲ್ಲಿದ್ದವು. ಪ್ರಧಾನಿ ವಾಜಪೇಯಿ, ಗೃಹ ಮಂತ್ರಿ ಅಡ್ವಾಣಿ, ವಿದೇಶಾಂಗದ ಯಶವಂತ ಸಿನ್ಹಾ, ಹಣಕಾಸಿನ ಜಸ್ವಂತ್ ಸಿಂಗ್, ಮತ್ತು ರಕ್ಷಣಾ ಮಂತ್ರಿ, ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಸೈನ್ಯ ಕಳಿಸುವುದಿಲ್ಲ ಎಂಬುದು ಹೊರಗೆ ಬಂದ ಮಾತು. ಅದು ಎಲ್ಲರ ಮಾತು. ಅಂದು ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು.

ನಮ್ಮಲ್ಲಿ ಯಾವಾಗಲೂ ಹೀಗೇ ನಡೆದಿದೆ ಎಂದು ಬೀಗಬೇಕಿಲ್ಲ. 1975ರ ಜೂನ್ 25ರ ರಾತ್ರಿ ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಆಗಿಹೋದ ಕೆಲಸಕ್ಕೆ ಮಂತ್ರಿಗಳು ಹೂಂ ಅಂದರು. ಆ ಪಾಠದಿಂದಲೇ 1978ರ 44ನೇ ತಿದ್ದುಪಡಿ 352ನೇ ವಿಧಿಗೆ ಒಂದು ಶರತ್ತು ಸೇರಿಸಿತು. ಕೇಂದ್ರ ಸಂಪುಟದ ತೀರ್ಮಾನ ಲಿಖಿತವಾಗಿ ಬರದ ಹೊರತು ರಾಷ್ಟ್ರಪತಿ ಅಂಥ ಘೋಷಣೆ ಹೊರಡಿಸುವಂತಿಲ್ಲ. ಬಾಯಿಮಾತು ಸಾಲದು, ಒಬ್ಬರ ಮಾತೂ ಸಾಲದು. ಆದರೆ ಯುದ್ಧಕ್ಕೆ ಹೋಗುವ ಮುನ್ನ ಸಂಸತ್ತಿನ ಮತ ಪಡೆಯಲೇಬೇಕು ಎಂಬ ವಿಧಿ ನಮ್ಮ ಸಂವಿಧಾನದಲ್ಲಿ ಇಲ್ಲ. ಹಾಗಾಗಿ ಆ ಕೋಣೆಯೊಳಗೆ ಕೂತವರು ಕೇಳುವ ಪ್ರಶ್ನೆಗಳೇ ನಮ್ಮ ಹುಡುಗರ ಮೊದಲ ಕಾವಲು.

ತಾಲೂಕು, ಜಿಲ್ಲಾ ಮಟ್ಟದ ಸಭೆಗಳ ವರದಿ ಮಾಡುವುದು ನನ್ನ ಕೆಲಸ. "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂಬ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಇರಾಕ್ ಕಥೆ ಓದಿದ ಮೇಲೆ ಆ ಸಾಲಿಗೆ ಮೊದಲು ಎರಡು ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡಿದ್ದೇನೆ. ಕಾಗದ ಎಲ್ಲರ ಕೈಗೂ ಬಂದಿತ್ತೇ? ಎಷ್ಟು ಹೊತ್ತು ಮೊದಲು ಬಂದಿತ್ತು? ಕೆಲವರು ಮುಖ ಸಿಂಡರಿಸುತ್ತಾರೆ. ಕೆಲವರು ಉತ್ತರ ಹುಡುಕಲು ಫೈಲು ತೆರೆಯುತ್ತಾರೆ. ಫೈಲು ತೆರೆದರೆ ಅಷ್ಟು ಸಾಕು.

ನಾಳೆ ಯಾವ ಪಕ್ಷದ ಸರ್ಕಾರವೇ ಇರಲಿ, ಯುದ್ಧದ ಮಾತು ಬಂದರೆ ಟಿವಿಯಲ್ಲಿ ನಕ್ಷೆ, ವಿಮಾನ, ಆವೇಶ ಎಲ್ಲ ತೋರಿಸುತ್ತಾರೆ. ನಿಮ್ಮ ಊರಿಗೆ ಮತ ಕೇಳಲು ಬಂದ ಸಂಸದರನ್ನೋ ಮಂತ್ರಿಯನ್ನೋ ನೀವು ಇಷ್ಟು ಕೇಳಿ: ನೀವು ಆ ಕಾಗದ ಓದಿದಿರಾ? ಓದಿ ಹೂಂ ಅಂದಿರಾ? ಎಲ್ಲರದ್ದೂ ಹೊಣೆ ಎಂಬ ಮಾತಿಗೆ ಬೆಲೆ ಬರುವುದು, ಒಬ್ಬೊಬ್ಬರೂ ಅದಕ್ಕೆ ತಮ್ಮ ಹೆಸರು ಹೇಳಿದಾಗ.