ಗೇರ್‌ಬಾಕ್ಸಿನ ಪ್ರಸಂಗ

ಹೋದ ಬೇಸಗೆಯ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಹುಬ್ಬಳ್ಳಿಯಿಂದ ಕಾರಿನಲ್ಲಿ ಗುಜರಾತಕ್ಕೆ ಹೊರಟೆವು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಒಬ್ಬರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಅವರು ಸಾಬರಮತಿಯಿಂದ ಸಮುದ್ರದವರೆಗೆ ಇಪ್ಪತ್ತನಾಲ್ಕು ದಿನ ಕಾಲ್ನಡಿಗೆಯಲ್ಲಿ ಸವೆಸಿದ ದಾರಿಯನ್ನು ನಾವು ದಂಡಿಯಿಂದ ಹಿಂದುಮುಂದಾಗಿ, ಅದೂ ಕುಳಿತುಕೊಂಡು, ಮೂರು ದಿನಗಳಲ್ಲಿ ನೋಡಿ ಮುಗಿಸಬೇಕೆಂದು ಸಂಕಲ್ಪಿಸಿದ್ದೆವು. ಕಾರು ನಮ್ಮ ಚಿತ್ರಕಲೆಯ ಮಾಸ್ತರರದು. ಅದಕ್ಕೆ ಹದಿನಾಲ್ಕು ವರ್ಷ ಪ್ರಾಯ.

ದಂಡಿಯ ಕಡಲನ್ನು ಕಂಡು ಸೂರತ್ ನಗರವನ್ನು ಹೊಕ್ಕಾಗ ಸಂಜೆಯಾಗಿತ್ತು. ಮೊದಲನೆಯ ವೃತ್ತದಲ್ಲಿಯೇ ಗೇರು ಮುಷ್ಕರ ಹೂಡಿತು. ಮೊದಲನೆಯ ಗೇರು ಬೀಳಲೊಲ್ಲದು. ರಿವರ್ಸಿಗೆ ಎಳೆದರೆ ಕಬ್ಬಿಣದ ಹಲ್ಲು ಕಡಿದ ಸದ್ದು. ಹಿಂದೆ ನಿಂತ ವಾಹನಗಳವರು ಹಾರನ್ನಿನಿಂದಲೇ ನಮ್ಮ ವಂಶಾವಳಿಯನ್ನು ವಿಚಾರಿಸಿದರು. ಹೇಗೋ ಒಂದು ಗ್ಯಾರೇಜನ್ನು ಸೇರಿದೆವು. ಅಲ್ಲಿಯ ಯಜಮಾನರು ಬಾನೆಟ್ಟನ್ನೂ ಎತ್ತದೆ, ಗೇರಿನ ಹಿಡಿಯನ್ನು ಎರಡು ಸಲ ಅಲುಗಾಡಿಸಿ, "ಗೇರ್‌ಬಾಕ್ಸು ಹೋಗಿದೆ ಸಾಹೇಬ, ಐವತ್ತೆರಡು ಸಾವಿರ, ನಾಲ್ಕು ದಿನ" ಎಂದರು. ಬರೆದು ಕೊಡಿರೆಂದರೆ, "ನಮ್ಮಲ್ಲಿ ಮಾತೇ ಕಾಗದ" ಎಂದು ನಕ್ಕರು.

ಚಿತ್ರಕಲೆಯ ಮಾಸ್ತರರು ಆ ರಾತ್ರಿ ಊಟ ಮಾಡಲಿಲ್ಲ. ಅವರ ಬ್ಯಾಂಕಿನ ಪುಸ್ತಕದಲ್ಲಿ ಇದ್ದದ್ದು ನಲವತ್ತು ಸಾವಿರ. ಅದು ಮುಂದಿನ ತಿಂಗಳು ಅವರ ಮನೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಎತ್ತಿಟ್ಟ ಹಣ. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ಮಧ್ಯರಾತ್ರಿಯಾದ ಮೇಲೆ. ಅದೇ ಸೂರತ್ ಸೀಮೆಯ ಭಾಟಗಾಮ್ ಎಂಬ ಹಳ್ಳಿಯಲ್ಲಿ, ಯಾತ್ರೆಯ ನಡುವೆ, ಸೂರತ್‌ನಿಂದ ಮೋಟಾರು ಲಾರಿಯಲ್ಲಿ ಹಾಲು ತರಿಸಿದ್ದಕ್ಕಾಗಿ ಗಾಂಧೀಜಿಯವರು ತಮ್ಮವರನ್ನು ತುಂಬಿದ ಸಭೆಯಲ್ಲಿ ಆಕ್ಷೇಪಿಸಿದ್ದರು. ಪರರ ದುಡ್ಡಿನ ಲೆಕ್ಕವನ್ನು ಅಷ್ಟು ಬಿಗಿಯಾಗಿ ಹಿಡಿದವರ ದಾರಿಯಲ್ಲಿ ನಾವು ಲೆಕ್ಕವೇ ಇಲ್ಲದ ಐವತ್ತೆರಡು ಸಾವಿರದ ಮುಂದೆ ಕುಳಿತಿದ್ದೆವು.

ಬೆಳಿಗ್ಗೆ ಕಾರನ್ನು ಮೆಲ್ಲಗೆ ಹೆದ್ದಾರಿಗೆ ಹತ್ತಿಸಿದೆವು. ಒಮ್ಮೆ ಮೇಲಿನ ಗೇರಿಗೆ ಬಿದ್ದರೆ ಅದು ಸಾಧುವಾಗಿ ಓಡುತ್ತಿತ್ತು. ಟೋಲಿನ ಗೇಟುಗಳಲ್ಲಿ ಮಾತ್ರ ನಮ್ಮ ಎದೆಬಡಿತ. ಭರೂಚ್‌ನಲ್ಲಿ ನರ್ಮದೆಯನ್ನು ದಾಟುವಾಗ 1881ರ ಹಳೆಯ ಕಬ್ಬಿಣದ ಸೇತುವೆಯನ್ನು ನಿಂತು ನೋಡಬೇಕೆಂಬ ಆಸೆಯಿತ್ತು. ನಿಂತರೆ ಮತ್ತೆ ಹೊರಡುವ ಭರವಸೆಯಿರಲಿಲ್ಲವಾದ್ದರಿಂದ ನದಿಗೆ ಕಾರಿನಿಂದಲೇ ಕೈಮುಗಿದೆವು.

ವಡೋದರಾದ ಗ್ಯಾರೇಜಿನವರು ಸೌಮ್ಯರು. "ಬಿಚ್ಚದೆ ಏನೂ ಹೇಳಲಾರೆ. ಬಿಚ್ಚುವುದಕ್ಕೆ ಏಳು ಸಾವಿರ. ಒಳಗೆ ಏನಿದೆಯೋ ಅದರ ಲೆಕ್ಕ ಆಮೇಲೆ" ಎಂದರು. ಮಾತು ಪ್ರಾಮಾಣಿಕವಾಗಿಯೇ ಕೇಳಿಸಿತು. ಆದರೆ ವಿಜ್ಞಾನದ ಮಾಸ್ತರರು ನಮ್ಮನ್ನು ಪಕ್ಕಕ್ಕೆ ಕರೆದು, "ಗೇರ್‌ಬಾಕ್ಸನ್ನು ಕೆಳಗಿಳಿಸಿದ ಮೇಲೆ ಅವರು ಎಷ್ಟು ಕೇಳಿದರೂ ನಾವು ಹೂಂ ಅನ್ನಲೇಬೇಕು. ಬಿಡಿಭಾಗಗಳನ್ನು ಚೀಲದಲ್ಲಿ ಕಟ್ಟಿಕೊಂಡು ಇನ್ನೊಬ್ಬರ ಬಳಿಗೆ ಹೋಗಲಾದೀತೆ?" ಎಂದರು. ನಾವು ಅಲ್ಲಿಂದಲೂ ಹೊರಟೆವು. ಹೊರಡುವಾಗ ಸ್ವಲ್ಪ ಒರಟಾಗಿಯೇ ಮಾತಾಡಿದೆವು; ಅದು ಈಗ ನೆನಪಾದರೆ ನಾಚಿಕೆ.

ಅಹಮದಾಬಾದಿನಲ್ಲಿ ನಾವು ಇಳಿದುಕೊಂಡದ್ದು ಧಾರವಾಡದ ಕಡೆಯ ಒಬ್ಬ ನಿವೃತ್ತ ಬ್ಯಾಂಕಿನವರ ಮನೆಯಲ್ಲಿ. ಮೂವತ್ತು ವರ್ಷ ಗುಜರಾತಿನಲ್ಲಿದ್ದರೂ ಅವರ ರೊಟ್ಟಿ, ಮಾತು ಎರಡೂ ಕೆಟ್ಟಿರಲಿಲ್ಲ. ಅವರು ನಮ್ಮ ಕಥೆಯನ್ನೆಲ್ಲ ಕೇಳಿ, "ಕಾಗದ ಕೊಡಲಿಕ್ಕೆ ಒಲ್ಲೆ ಅನ್ನೋರ ಕಡೆ ನಟ್ಟು ಸಹಿತ ಬಿಚ್ಚಿಸಬ್ಯಾಡ್ರಿ" ಎಂದರು. ಇದೇ ಊರಿನಲ್ಲಿ 1978ರಲ್ಲಿ ಗ್ರಾಹಕರ ಶಿಕ್ಷಣ ಮತ್ತು ಸಂಶೋಧನೆಗಾಗಿ ಒಂದು ಕೇಂದ್ರ ಹುಟ್ಟಿತೆಂದೂ, ಕೆಲಸ ಮಾಡಿ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿಯೆಂದೂ, ಮೋಸಹೋದವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದೆಂದೂ, 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿ ತೋರಿಸುವರೆಂದೂ ಊಟದ ಎಲೆಯ ಮುಂದೆಯೇ ಪಾಠ ಹೇಳಿದರು. ಸೂರತ್‌ನಲ್ಲಿ ಕೆಟ್ಟ ಕಾರಿನ ತಂಟೆಯನ್ನು ಹುಬ್ಬಳ್ಳಿಯಲ್ಲಿದ್ದೇ ನಡೆಸಬಹುದೆಂಬುದು ನಮಗೆ ಹೊಸ ಸಂಗತಿ.

ಮರುದಿನ ಅವರ ಪರಿಚಯದ ಮುದುಕ ಮಿಸ್ತ್ರಿಯ ಬಳಿ ಹೋದೆವು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಕಾಕಾ ಬೆಲೆಯ ಮಾತೆತ್ತಲಿಲ್ಲ. ಎಂಜಿನ್ನನ್ನು ಆರಿಸಿ, "ಈಗ ಗೇರು ಹಾಕಿ" ಎಂದರು. ಒಂದರಿಂದ ಐದರವರೆಗೆ, ರಿವರ್ಸು ಸಹಿತ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಬಿದ್ದವು. ಎಂಜಿನ್ನನ್ನು ಹೂಡಿಸಿ ಮತ್ತೆ ಹಾಕಿಸಿದರು, ಅದೇ ಕರಕರ. "ಕ್ಲಚ್ಚನ್ನು ಮೂರು ಸಲ ಬೇಗ ಬೇಗ ತುಳಿದು ಹಾಕಿ" ಎಂದರು. ಗೇರು ಸದ್ದಿಲ್ಲದೆ ಕೂತಿತು. ಕಾಕಾ ಒಮ್ಮೆ ಕಾರಿನ ಕೆಳಗೆ ಬಗ್ಗಿ, ಬೆರಳಿಗೆ ಹತ್ತಿದ ಎಣ್ಣೆಯನ್ನು ತೋರಿಸಿದರು.

ವಿಜ್ಞಾನದ ಮಾಸ್ತರರು ಹಣೆ ಚಚ್ಚಿಕೊಂಡರು. ಪೆಡಲನ್ನು ತುಳಿದಾಗ ಒತ್ತಡವು ಕೊಳವೆಯೊಳಗಿನ ಎಣ್ಣೆಯ ಮೂಲಕ ಹರಿದು, ಕೆಳಗಿನ ಸಿಲಿಂಡರಿನ ಪಿಸ್ಟನ್ನನ್ನು ತಳ್ಳಿ, ಎಂಜಿನ್ನಿನಿಂದ ಕ್ಲಚ್ಚನ್ನು ಬೇರ್ಪಡಿಸಬೇಕು. ಪಿಸ್ಟನ್ನಿನ ರಬ್ಬರು ಸವೆದು ಎಣ್ಣೆ ಸೋರಿದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ; ತಿರುಗುತ್ತಲೇ ಇರುವ ಚಕ್ರಕ್ಕೆ ಹಲ್ಲು ಕೂಡದೆ ಗೇರು ಗೊಣಗುತ್ತದೆ. ಎಂಜಿನ್ನು ನಿಂತಾಗ ತಿರುಗುವುದೇ ಇಲ್ಲವಾದ್ದರಿಂದ ತಕರಾರೂ ಇಲ್ಲ. ಪಾಸ್ಕಲನ ನಿಯಮವನ್ನು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದವರಿಗೆ ಅದು ತಮ್ಮ ಕಾಲ ಕೆಳಗೇ ಸೋರುತ್ತಿದ್ದುದು ಹೊಳೆದಿರಲಿಲ್ಲ. ಆ ದಿನವೆಲ್ಲ ಅವರು ಹೆಚ್ಚು ಮಾತಾಡಲಿಲ್ಲ.

ಕಾಕಾ ಚೀಟಿ ಬರೆದರು: ಸಿಲಿಂಡರು 1,150, ಎಣ್ಣೆ 200, ಕೂಲಿ 500, ಒಟ್ಟು 1,850 ರೂಪಾಯಿ. ಅದರ ಕೆಳಗೆ, ಬೇರೇನಾದರೂ ಕಂಡರೆ ಮೊದಲು ಫೋನು ಮಾಡುವೆನೆಂದು ಗುಜರಾತಿಯಲ್ಲಿ ಒಂದು ಸಾಲು. ಸಂಜೆ ಹೋದಾಗ ಹಳೆಯ ಸಿಲಿಂಡರನ್ನು ಕೇಳುವ ಮೊದಲೇ ವರ್ತಮಾನಪತ್ರಿಕೆಯಲ್ಲಿ ಸುತ್ತಿ ಕೈಗಿತ್ತರು. ಹಾಗೆ ಕೊಟ್ಟರೆ ಹಳೆಯದನ್ನು ತೆಗೆದಿದ್ದಾರೆಂಬುದಕ್ಕೆ ಅದೊಂದು ಸೂಚನೆ; ಹಾಕಿದ್ದು ಹೊಸದೇ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು.

ನಾವು ಸೂರತ್ ಮತ್ತು ವಡೋದರಾದವರನ್ನು ಮನಸಾರೆ ಬಯ್ಯತೊಡಗಿದೆವು. ಕಾಕಾ ತಡೆದರು. "ಮೂರನೆಯ ಗೇರಿನಲ್ಲಿ ಸಣ್ಣ ಗುಂಯ್ ಸದ್ದು ಇದೆ, ಕೇಳಿರಿ. ಒಳಗೆ ಬೇರಿಂಗು ಸವೆಯುತ್ತಿದೆ. ಈಗಲೇ ಬಿಚ್ಚಬೇಕಾಗಿಲ್ಲ, ಊರಿಗೆ ಹೋದ ಮೇಲೆ, ಕೈಯಲ್ಲಿ ಹಣವಿದ್ದಾಗ, ನಿಮ್ಮ ಮಿಸ್ತ್ರಿಗೆ ತೋರಿಸಿ. ವಡೋದರಾದವನು ಬಿಚ್ಚಿದ್ದರೆ ಅದನ್ನೂ ಕಂಡಿರುತ್ತಿದ್ದ" ಎಂದರು. ಆಮೇಲೆ ನಾವು ಬಯ್ದದ್ದು ಸೂರತ್‌ನವರನ್ನು ಮಾತ್ರ.

ಸಾಬರಮತಿ ಆಶ್ರಮವನ್ನು ನೋಡಿಕೊಂಡು ಮರಳಿದೆವು. ಬರುವಾಗ ನರ್ಮದೆಯ ಹಳೆಯ ಸೇತುವೆಯ ಬಳಿ ಅರ್ಧ ಗಂಟೆ ನಿಂತೆವು. ಚಿತ್ರಕಲೆಯ ಮಾಸ್ತರರು ಅದರ ಚಿತ್ರ ಬರೆದರು. ಮುಂದಿನ ತಿಂಗಳು ಅವರ ಮನೆಯವರ ಕಣ್ಣಿನ ಚಿಕಿತ್ಸೆ ಸುಗಮವಾಗಿ ನಡೆಯಿತು. ಗೇರ್‌ಬಾಕ್ಸು ಈ ಲೇಖನ ಅಚ್ಚಿಗೆ ಹೋಗುವವರೆಗೂ ಗುಂಯ್‌ಗುಡುತ್ತಲೇ ಇದೆ. ಹಳೆಯ ಸಿಲಿಂಡರು ಮತ್ತು ಅದರ ಹರಿದ ರಬ್ಬರು ನಮ್ಮ ಶಾಲೆಯ ವಿಜ್ಞಾನದ ಕೋಣೆಯ ಕಪಾಟಿನಲ್ಲಿವೆ. ಒಂಬತ್ತನೆಯ ತರಗತಿಯವರು ಕೇಳಿದರೆ ಮಾಸ್ತರರು ತೆಗೆದು ತೋರಿಸುವರು.