ಏಳು ಬೀಜದ ಋಣ

ನಾವು ಅಣ್ಣತಮ್ಮಂದಿರಿಬ್ಬರೂ ಕೊಲ್ಲಿಗೆ ಬಂದು 11 ವರ್ಷವಾಯಿತು. ಒಬ್ಬ ದುಬೈನಲ್ಲಿ, ಒಬ್ಬ ಮಸ್ಕತ್‌ನಲ್ಲಿ. ಊರಲ್ಲಿ, ಮೂಡಿಗೆರೆ ಕಡೆ, ಮೂರೆಕರೆ ಕಾಫಿ ತೋಟ. ನೋಡಿಕೊಳ್ಳಲು ಅಪ್ಪ ಒಬ್ಬರೇ. ಕಳೆದ ಮಳೆಗಾಲದಲ್ಲಿ ಒಂದು ಶುಕ್ರವಾರ ಫೋನಿನಲ್ಲಿ ಕೇಳಿದರು: "ಬೋರರ್ ಹೊಡ್ದು ಅರೇಬಿಕಾ ಅರ್ಧ ಹೋಯ್ತು. ಉಳಿದಿದ್ದನ್ನೂ ಕಿತ್ತು ಪೂರ್ತಿ ರೋಬಸ್ಟಾ ಹಾಕ್ಬಿಡ್ಲೇನ್ರೋ?"

ಅಕ್ಕಪಕ್ಕದವರು ಹಾಗೇ ಮಾಡಿದ್ದಾರೆ. ರೋಬಸ್ಟಾಗೆ ಈ ಬೋರರ್ ಕಾಟವಿಲ್ಲ, ರೇಟೂ ಚೆನ್ನಾಗಿತ್ತು. ಆದರೂ ನಮಗೆ "ಹೂಂ" ಅನ್ನಲು ಬಾಯಿ ಬರಲಿಲ್ಲ.

ನಮ್ಮ ರೂಮಿನಲ್ಲೊಬ್ಬ ಯೆಮೆನ್‌ನವನಿದ್ದ. ಏಲಕ್ಕಿ ಹಾಕಿದ ಗಹ್ವಾ ಕೊಡುವಾಗಲೆಲ್ಲ "ಕಾಫಿ ನಮ್ಮದು" ಎನ್ನುತ್ತಿದ್ದ. ಬಾಬಾ ಬುಡನ್ ಅವರು ಅಲ್ಲಿಂದ ಏಳು ಬೀಜ ತಂದು ನಮ್ಮ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ಹೇಳಿದಾಗ "ಹಾಗಾದರೆ ಬಾಡಿಗೆ ಕೊಡಿ" ಎಂದು ನಕ್ಕಿದ್ದ.

ಆ ಏಳು ಬೀಜದಲ್ಲೇ ಕಷ್ಟವೂ ಇದೆ. ಅರೇಬಿಕಾದ ತವರು ಇಥಿಯೋಪಿಯಾದ ಕಾಡು. ಅಲ್ಲಿಂದ ಕೆಲವೇ ಗಿಡ ಯೆಮೆನ್‌ಗೆ, ಯೆಮೆನ್‌ನಿಂದ ಕೆಲವೇ ಬೀಜ ಜಗತ್ತಿಗೆ. ಮೇಲಾಗಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ, ಮಕ್ಕಳೆಲ್ಲ ತಾಯಿಯ ಹಾಗೇ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ. 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ಕಾಣಿಸಿಕೊಂಡಿತು. ಕೆಲವೇ ದಶಕಗಳಲ್ಲಿ ಕಾಫಿ ಹೋಗಿ ಚಹಾ ಬಂತು.

ನಮ್ಮ ಅಜ್ಜ ನೆಟ್ಟಿದ್ದು ಎಸ್.795. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ. ಅದರ ಬುಡದಲ್ಲಿ ಲೈಬೀರಿಕಾ ಎಂಬ ಬೇರೆ ಜಾತಿಯ ರಕ್ತವಿದೆ. ಆ ಬೆರಕೆಯಿಂದಲೇ ತುಕ್ಕಿಗೆ ತಡೆ ಬಂದಿದ್ದು. ತುಕ್ಕು ನಿಧಾನವಾಗಿ ಅದನ್ನೂ ಮೀರಿತು. 2007ರಲ್ಲಿ ಬಂದ ಚಂದ್ರಗಿರಿ ತಳಿಗೆ ತಡೆ ಸಿಕ್ಕಿದ್ದು ತಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡದಿಂದ. ಪ್ರತಿ ಸಲವೂ ಕಾಪಾಡಿದ್ದು ಎಲ್ಲೋ ಉಳಿದಿದ್ದ ಬೇರೆ ರಕ್ತ. ಆದರೆ 124 ಕಾಡು ಕಾಫಿ ಜಾತಿಗಳಲ್ಲಿ ಶೇ. 60ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು 2019ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಹೇಳಿದರು.

ಇನ್ನು ಮಳೆ. ಹೂಮಳೆ ಹೊತ್ತಿಗೆ ಬರುವುದಿಲ್ಲ. 2018, 2019ರ ಆಗಸ್ಟಿನಲ್ಲಿ ಸುರಿದದ್ದು ಕಾಯಿಯನ್ನೇ ಉದುರಿಸಿತು. ರೋಬಸ್ಟಾಗೂ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಬೇಕು. ನಮ್ಮಲ್ಲಿ ಕೆರೆಯಿಲ್ಲ. ಪೂರ್ತಿ ಒಂದೇ ಜಾತಿ ಹಾಕುವುದೆಂದರೆ ಇದ್ದ ದುಡ್ಡನ್ನೆಲ್ಲ ಒಂದೇ ಚೀಟಿಗೆ ಕಟ್ಟಿದ ಹಾಗೆ.

ಆದರೆ ನಮ್ಮ ಬಾಯಿ ಕಟ್ಟಿದ್ದು ಇದಷ್ಟೇ ಅಲ್ಲ. ಬೋರರ್‌ಗೆ ಬಿಸಿಲು ಬೀಳುವ ಗಿಡವೇ ಇಷ್ಟ. ತೋಟದ ಮೇಲುಭಾಗದಲ್ಲಿ ನೆರಳು ಕಡಿಮೆಯಾಗಿದ್ದು ಅಪ್ಪ ಸಿಲ್ವರ್ ಓಕ್ ಕಡಿದು ಮಾರಿದ ಮೇಲೆ. ಮಾರಿದ್ದು ನಮ್ಮಿಬ್ಬರ ವೀಸಾ, ಟಿಕೆಟ್ಟಿಗೆ. ಅಪ್ಪ ಈವರೆಗೆ ಅದನ್ನು ಎತ್ತಿ ಆಡಿಲ್ಲ.

ಮುಂದಿನ ಶುಕ್ರವಾರ ನಾವೇ ಫೋನ್ ಮಾಡಿದೆವು. ಕೆಳಗಿನ ಒಂದೆಕರೆಗೆ ರೋಬಸ್ಟಾ. ಮೇಲೆ ಗಟ್ಟಿಯಾಗಿರುವ ಎಸ್.795 ಹಾಗೇ ಇರಲಿ, ಹೋದ ಜಾಗಕ್ಕೆ ಚಂದ್ರಗಿರಿ. ಎಲ್ಲಕ್ಕಿಂತ ಮೊದಲು ಹಲಸು, ಅತ್ತಿ, ಹಾಲುವಾಣದ ನೆರಳು. ಖರ್ಚು ನಾವು ಕಳಿಸುತ್ತೇವೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮರ ಬೆಳೆಯೋಕೆ ಹತ್ತು ವರ್ಷ ಬೇಕು ಕಣ್ರೋ. ಅಷ್ಟೊತ್ತಿಗೆ ನೀವೂ ಬಂದಿರ್ತೀರಲ್ಲ" ಅಂದರು.

ಅದಕ್ಕೂ ನಾವು "ಹೂಂ" ಅಂದೆವು. ಅರ್ಧ ಹಲಸಿನ ಸಸಿ ಆಗಲೇ ನೆಟ್ಟಾಗಿದೆ.