ಆಗುಂಬೆ ತಿರುವಿನಲ್ಲಿ ಅಂಬಾಸಡರ್ ಮುನಿಸು

ಆಗುಂಬೆ ಅಂದ ಕೂಡಲೇ ಚಿತ್ರಪ್ರೇಮಿಗಳಿಗೆ ನೆನಪಾಗುವುದು ಶಂಕರನಾಗ್. ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗೆ ಇದೇ ಊರು ಮಾಲ್ಗುಡಿಯ ವೇಷ ಹಾಕಿತ್ತು. ಚಿತ್ರೀಕರಣ ನಡೆದ ದೊಡ್ಡಮನೆ ನೋಡುವ ಆಸೆಯಿಂದಲೇ ನಾವೂ ಹೊರಟದ್ದು. ಆದರೆ ಓದುಗ ಮಹಾಶಯರೇ, ಆಗುಂಬೆಗೆ ಹೋದವರೆಲ್ಲ ಸೂರ್ಯಾಸ್ತದ ವಿಷಯ ಬರೆದಾಗಿದೆ. ನಾನು ಘಾಟಿಯ ವಿಷಯ ಬರೆಯುತ್ತೇನೆ. ಹಳೇ ಕಾರಿನ ಕಾಯಿಲೆ ಹಿಡಿಯಲು ಅಂಥ ವೈದ್ಯ ಇನ್ನೊಬ್ಬನಿಲ್ಲ!

ಉಡುಪಿ ಕಡೆಯಿಂದ ಬಂದರೆ ಸೋಮೇಶ್ವರದಲ್ಲಿ ಏರು ಶುರು. 14 ಹೇರ್‌ಪಿನ್ ತಿರುವು ದಾಟಿದರೆ ಸುಮಾರು 2,100 ಅಡಿ ಎತ್ತರದ ಆಗುಂಬೆ. ನಮ್ಮದು 1972ರ ಮಾರ್ಕ್ 2 ಅಂಬಾಸಡರ್. ಬೆಳ್ಳಿತೆರೆಯ ಮೇಲೆ ಮಂತ್ರಿ, ಇನ್ಸ್‌ಪೆಕ್ಟರು, ಖಳನಾಯಕ ಎಲ್ಲರನ್ನೂ ಭೇದವಿಲ್ಲದೆ ಹೊತ್ತು ತಿರುಗಿದ ಜಾತಿ! ಉತ್ತರಪಾಡಾದ ಕಾರ್ಖಾನೆಯಲ್ಲಿ ಇದರ ತಯಾರಿಕೆ 2014ರಲ್ಲೇ ನಿಂತುಹೋಯಿತು.

ನಾಲ್ಕನೇ ತಿರುವಿನಲ್ಲಿ ಕಾರು ಗಡಗಡ ನಡುಗಿ, ಹಿಂದೆ ಕರೀ ಹೊಗೆ ಬಿಟ್ಟು, ಗಪ್ ಅಂತು.

“ಪೆಟ್ರೋಲ್ ಬರ್ತಿಲ್ಲ, ಪಂಪಿಗೆ ಗ್ಯಾಸ್ ಹಿಡಿದಿದೆ, ನೀರು ಹಾಕಿ” ಅಂದ ಗೆಳೆಯ. ಘಾಟಿಯಲ್ಲಿ ಕಾರು ನಿಂತರೆ ಎಲ್ಲರ ಬಾಯಲ್ಲೂ ಇದೇ ಮಂತ್ರ.

ನಮ್ಮ ಡ್ರೈವರಣ್ಣ ಚಕ್ರಕ್ಕೆ ಕಲ್ಲು ಕೊಟ್ಟು ಬಂದ. “ತಡೀರಿ ಸಾರ್. ನೇರ ದಾರೀಲಿ ಚೆನ್ನಾಗಿ ಎಳೀತದೆ, ತಿರುವಲ್ಲಿ ಕಾಲು ತೆಗೆದ್ರೆ ಸಾಯ್ತದೆ. ಪೆಟ್ರೋಲ್ ಸಾಲದಿದ್ರೆ ಎಳೆಯುವಾಗಲೇ ಸಾಯಬೇಕಿತ್ತು. ಇದಕ್ಕೆ ಹಸಿವಲ್ಲ, ಅಜೀರ್ಣ!”

ಬಾನೆಟ್ ಎತ್ತಿದರೆ ಮೂಗಿಗೆ ಬಡಿಯುವ ಪೆಟ್ರೋಲ್ ವಾಸನೆ. ಕಾರ್ಬ್ಯುರೇಟರ್ ಮೈಯೆಲ್ಲ ಒದ್ದೆ. ಅದರ ಕೆಳಗೇ ಕಾದು ಕೆಂಡವಾದ ಹೊಗೆ ಕೊಳವೆ. ಒಂದು ಹನಿ ಅಲ್ಲಿ ಹೊತ್ತಿಕೊಂಡರೆ ಕಾರೂ ಇಲ್ಲ, ಬದಿಯ ಕಾಡೂ ಇಲ್ಲ! ಡ್ರೈವರಣ್ಣ ಗೆಳೆಯನ ಬಾಯಲ್ಲಿದ್ದ ಹೊತ್ತಿಸದ ಸಿಗರೇಟನ್ನೇ ಕಿತ್ತು ಜೇಬಿಗೆ ಹಾಕಿಕೊಂಡ. ಇಂಜಿನ್ ತಣ್ಣಗಾಗುವವರೆಗೆ ಯಾರೂ ಏನೂ ಮುಟ್ಟುವ ಹಾಗಿಲ್ಲ.

ಆಮೇಲೆ ನೋಡಿದ. ಚೋಕ್ ಸರಿಯಾಗಿ ತೆರೆದಿದೆ, ಅದರ ತಪ್ಪಲ್ಲ. ಪ್ಲಗ್ ಬಿಚ್ಚಿದರೆ ಕಪ್ಪು, ಒದ್ದೆ. ನೀರು ಹಾಕೋಣ ಅಂದ ಗೆಳೆಯ ಪ್ಲಗ್ ಕಡೆ ನೋಡಿ ಸುಮ್ಮನಾದ. ಪ್ಲಗ್ ಒರೆಸಿ, ಸುರಿದದ್ದನ್ನೆಲ್ಲ ಒಣಗಿಸಿ, ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಕೊಟ್ಟ. ಪಂಪು ಹೊಡೆದಂತೆ ಪದೇ ಪದೇ ಒತ್ತಬಾರದು, ಮತ್ತಷ್ಟು ಪೆಟ್ರೋಲ್ ಸುರಿಯುತ್ತದೆ. ಕಾರು ಕೆಮ್ಮಿ ಎದ್ದಿತು. ಉಳಿದ ತಿರುವುಗಳಲ್ಲಿ ಇಂಜಿನ್ ದನಿ ಇಳಿಯದ ಹಾಗೆ ನೋಡಿಕೊಂಡು ಹತ್ತಿಸಿದ. ಸೂರ್ಯ ಮುಳುಗುವುದು ಅಂದು ನಮಗೆ ಬೆನ್ನ ಹಿಂದೆ!

ಕಾರ್ಬ್ಯುರೇಟರ್ ಒಳಗೆ ಹಿತ್ತಾಳೆಯ ಟೊಳ್ಳು ಫ್ಲೋಟ್ ಒಂದಿರುತ್ತದೆ. ನಮ್ಮ ಹಂಡೆ, ತೊಟ್ಟಿಗಳಲ್ಲಿ ತೇಲುವ ಚೆಂಡಿನ ಹಾಗೇ. ಪೆಟ್ರೋಲ್ ಏರಿದಂತೆ ಅದೂ ಏರಿ ನೀಡಲ್ ವಾಲ್ವಿನ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಕೋಡಿ. ಡ್ರೈವರಣ್ಣ ಊರು ಸೇರಿ, ಕಾರು ತಣಿದ ಮೇಲೆ, ಮೊದಲು ನೀಡಲನ್ನು ಬೆರಳಲ್ಲಿ ಒತ್ತಿ ಹಿಡಿದು ಕೊಳವೆಯಲ್ಲಿ ಊದಿದ. ಗಾಳಿ ದಾಟಲಿಲ್ಲ, ಕಸ ಸಿಕ್ಕಿಲ್ಲ. ಆಮೇಲೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಕುಳಕ್ ಕುಳಕ್! ಒಲೆಯಿಂದ ದೂರ ತಂದಿಟ್ಟ ಹೋಟೆಲಿನ ಬಿಸಿನೀರಿನ ಪಾತ್ರೆಯಲ್ಲಿ ಅದನ್ನು ಮುಳುಗಿಸಿದ. ಅಂಚಿನ ಒಂದೇ ಜಾಗದಿಂದ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದವು. ಸೂಜಿಮೊನೆಯಷ್ಟು ತೂತು!

ಒಳಗಿನ ಪೆಟ್ರೋಲ್ ಪೂರ್ತಿ ಹೊರಬಂದು ಫ್ಲೋಟ್ ಒಣಗಿದ ಮೇಲೇ ಬೆಸುಗೆ. ಅದೂ ಚಿಟಿಕೆಯಷ್ಟು. ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಮತ್ತೆ ಅದೇ ರಗಳೆ.

ಮರುದಿನ ದೊಡ್ಡಮನೆ ನೋಡಿದೆವು. ಆಮೇಲೆ ಡ್ರೈವರಣ್ಣ ಬೇಕೆಂದೇ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿಸಿದ. ಹದಿನಾಲ್ಕೂ ತಿರುವಿನಲ್ಲಿ ಕಾಲು ತೆಗೆದು ಕಿವಿಗೊಟ್ಟ. ಮೇಲೆ ಬಂದ ಮೇಲೆಯೇ ಗೆಳೆಯನ ಸಿಗರೇಟು ವಾಪಸು ಕೊಟ್ಟದ್ದು.